ವೇಷ ಮತ್ತು ಲಾಂಛನ: ಐತಿಹಾಸಿಕ ಚಲನಚಿತ್ರಗಳ ಉಡುಗೆತೊಡುಗೆಯನ್ನು ಕುರಿತು

ಮನುಷ್ಯನು ಧರಿಸುವ ವಸ್ತ್ರವು ಅವನ ಮಾನವನ್ನು ಕಾಯುವುದರೊಂದಿಗೆ ಅವನ ಕಾಲ, ಕಾಯಕ ಮತ್ತು ನಂಬಿಕೆಗಳನ್ನೂ ಸಾರುತ್ತದೆ. ಮಡಿವಾಳ ಮಾಚಯ್ಯನವರು ಬಟ್ಟೆಯನ್ನು ಮಡಿ ಮಾಡಿದರು, ದಾಸಿಮಯ್ಯನವರು ಬಟ್ಟೆಯನ್ನು ನೇಯ್ದರು. ನೂಲು, ಮಗ್ಗ, ಮಡಿಗಳು ಶರಣರಿಗೆ ಹೊರಗಿನ ವಿಷಯಗಳಾಗಿರಲಿಲ್ಲ. ಆದುದರಿಂದ ಮಠದ ಪತ್ರಿಕೆಯೊಂದರಲ್ಲಿ ಚಲನಚಿತ್ರಗಳ ಉಡುಗೆಯನ್ನು ಕುರಿತು ಬರೆಯುವುದು ಅಪ್ರಸ್ತುತವೆಂದು ಓದುಗರು ಭಾವಿಸಬಾರದಾಗಿ ಪ್ರಾರ್ಥನೆ. ಈ ಲೇಖನಕ್ಕೆ ಕಾರಣವಾದುದು ಒಬ್ಬ ವೃದ್ಧ ತಾಯಿಯ ಪ್ರಶ್ನೆ. ಮೊದಲು ಅದನ್ನು ನಿವೇದಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ಬಸವ ಜಯಂತಿಯ ನಿಮಿತ್ತ ಜಯನಗರದ ಸಭಾಭವನವೊಂದರಲ್ಲಿ ಮಕ್ಕಳಿಂದ ಕಿತ್ತೂರು ರಾಣಿ ಚೆನ್ನಮ್ಮನ ರೂಪಕವನ್ನು ಏರ್ಪಡಿಸಲಾಗಿತ್ತು. ನಮ್ಮ ಪ್ರಸಾದನಿಲಯದಲ್ಲಿ ಓದಿ ಈಗ ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಖರ್ಚುವೆಚ್ಚವನ್ನು ವಹಿಸಿಕೊಂಡಿದ್ದರು. ಉಡುಪುಗಳನ್ನು ಬಾಡಿಗೆಗೆ ತರುವ ಮುನ್ನ ಪಟ್ಟಿಯನ್ನು ನಮಗೆ ತೋರಿಸಿದ್ದರು; ನಾವೇ ಅದಕ್ಕೆ ಒಪ್ಪಿಗೆ ಕೊಟ್ಟಿದ್ದೆವು. ರಂಗದ ಮೇಲೆ ಬಂದ ಬಾಲಿಕೆ ಜರಿಯ ಸೀರೆಯುಟ್ಟು, ಕಿರೀಟ ತೊಟ್ಟು, ಕೊರಳ ತುಂಬ ಹಾರಗಳನ್ನು ಹೇರಿಕೊಂಡು, ಕತ್ತಿ ಝಳಪಿಸಿದಾಗ ಸಭೆ ಕರತಾಡನ ಮಾಡಿತು. ನಾವೂ ಸಂತೋಷಪಟ್ಟೆವು. ಕಾರ್ಯಕ್ರಮ ಮುಗಿದ ಬಳಿಕ ಇಳಕಲ್ಲಿನ ಕಡೆಯ ವೃದ್ಧೆಯೊಬ್ಬರು, ಈಗ ಬನಶಂಕರಿಯಲ್ಲಿ ಮಗನ ಮನೆಯಲ್ಲಿರುವವರು, ನಮಸ್ಕರಿಸಿ ಪಕ್ಕಕ್ಕೆ ನಿಂತು ಮೆಲ್ಲನೆ ಕೇಳಿದರು: “ಅಜ್ಜಾರ, ರಾಣಿ ಮೈಮ್ಯಾಲ ಬಂಗಾರ ಭಾಳ ಐತ್ರಿ. ಲಿಂಗ ಎಲ್ಲೈತ್ರೀ?”

ಪಕ್ಕದಲ್ಲಿದ್ದ ಶಿಕ್ಷಕಿ, “ಸಿನಿಮಾದ ರಾಣಿಯರನ್ನು ನೋಡಿಕೊಂಡೇ ಮಾಡಿಸಿದ್ದೇವೆ, ಬುದ್ಧಿ” ಎಂದರು. ಅವರು ಸತ್ಯವನ್ನೇ ನುಡಿದಿದ್ದರು. ವೃದ್ಧೆಯ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಲಿಂಗಾಯತ ರಾಣಿಯ ಚರಿತ್ರೆಯನ್ನು, ಲಿಂಗಾಯತ ಮಠದ ಆಶ್ರಯದಲ್ಲಿ, ಬಸವ ಜಯಂತಿಯಂದು ಆಡಿಸಿ, ಆಕೆಯ ಮೈಮೇಲಿನ ಲಿಂಗವನ್ನೇ ನಾವು ಮರೆತಿದ್ದೆವು. ನಮ್ಮ ನೆನಪಿನಲ್ಲಿ ಚೆನ್ನಮ್ಮನ ಜಾಗದಲ್ಲಿ ಚಿತ್ರದ ಚೆನ್ನಮ್ಮ ಬಂದು ಕುಳಿತಿದ್ದಳು. ಅಂದಿನಿಂದ ನಮ್ಮ ನಾಡಿನ ಹದಿನೆಂಟನೆಯ ಶತಮಾನವನ್ನು ತೋರಿಸುವ ಚಿತ್ರಗಳನ್ನು ಮತ್ತೆ ನೋಡಿದೆವು. ಆ ಕಾಲದ ಉಡುಗೆಗೆ ದೊರೆಯುವ ಸಾಕ್ಷ್ಯಗಳೊಡನೆ ಹೋಲಿಸಿದೆವು. ಅದರ ಫಲವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಹದಿನೆಂಟನೆಯ ಶತಮಾನವೆಂದರೆ ಕನ್ನಡ ನಾಡಿಗೆ ಯಾವ ಕಾಲ? ಕೆಳದಿಯ ಬಸವಪ್ಪ ನಾಯಕರ ಹೆಸರಿನಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಮಹಾಕೋಶ ಮೂಡಿದ್ದು ಆ ಶತಮಾನದ ಆದಿಯಲ್ಲಿ. ವೀರಶೈವ ದೊರೆಯೊಬ್ಬನ ಆ ಸಂಸ್ಕೃತ ಗ್ರಂಥದಲ್ಲಿ ತತ್ತ್ವದೊಂದಿಗೆ ರಾಜರ ಭೋಗೋಪಭೋಗಗಳ ವಿಚಾರವೂ ಬರುತ್ತದೆ. 1763ರಲ್ಲಿ ಬಿದನೂರು ಹೈದರಾಲಿಯ ವಶವಾಯಿತು. 1779ರಲ್ಲಿ ಮದಕರಿ ನಾಯಕನ ಚಿತ್ರದುರ್ಗ ಬಿದ್ದಿತು. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪೂ ಸುಲ್ತಾನ್ ಮಡಿದನು. ಚೆನ್ನಮ್ಮ ಕಾಕತಿಯಲ್ಲಿ ಜನಿಸಿದ್ದು 1778ರಲ್ಲಿ. ಆಕೆಯ ಹೋರಾಟ 1824ರದ್ದಾದರೂ ಆಕೆ ಉಡಲು ತೊಡಲು ಕಲಿತದ್ದು ಹದಿನೆಂಟನೆಯ ಶತಮಾನದ ದೇಸಗತಿಯ ಮನೆತನಗಳಲ್ಲಿ. ಆದುದರಿಂದ ಆಕೆಯನ್ನೂ ಈ ವಿಚಾರದೊಳಗೆ ಸೇರಿಸಿಕೊಂಡಿದ್ದೇವೆ.

ಆ ಕಾಲದವರು ಏನನ್ನು ಉಡುತ್ತಿದ್ದರೆಂಬುದನ್ನು ತಿಳಿಯಲು ನಾವು ಊಹೆಯನ್ನೇ ನಂಬಬೇಕಾಗಿಲ್ಲ. ಬೆಂಗಳೂರಿನಿಂದ ತುಮಕೂರು ದಾಟಿ ಶಿರಾ ಕಡೆಗೆ ಹೋಗುವ ಭಕ್ತರು ಹೆದ್ದಾರಿಯ ಬದಿಯ ಸೀಬಿಯಲ್ಲಿ ವಾಹನ ನಿಲ್ಲಿಸಿ ನರಸಿಂಹ ದೇವಾಲಯದ ಛಾವಣಿಯನ್ನು ಒಮ್ಮೆ ತಲೆಯೆತ್ತಿ ನೋಡಬೇಕು. ಆ ಶತಮಾನದ ಕೊನೆಯ ಭಾಗದ ವರ್ಣಚಿತ್ರಗಳು ಅಲ್ಲಿವೆ. ಪುರಾಣದ ಕಥೆಗಳೊಂದಿಗೆ ಆ ಕಾಲದ ದರ್ಬಾರು, ಪರಿವಾರ, ಮೆರವಣಿಗೆಗಳನ್ನೂ ಚಿತ್ರಕಾರರು ಬಿಡಿಸಿದ್ದಾರೆ. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳಲೂರು ಯುದ್ಧದ ವಿಶಾಲ ಚಿತ್ರವಿದೆ. ಅದರ ಬಣ್ಣಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ತುಂಬಲಾಗಿರುವುದರಿಂದ ಪ್ರತಿಯೊಂದು ಗೆರೆಯನ್ನೂ ಮೂಲವೆಂದು ಹಿಡಿಯಲಾಗದು. ಆದರೂ ಮೈಗೆ ಹತ್ತಿದ ಅಂಗಿ, ನಡುವಿಗೆ ಬಿಗಿದ ದಟ್ಟಿ, ತಲೆಯ ಮುಂಡಾಸುಗಳ ಅಂದಾಜು ಅಲ್ಲಿ ಸಿಗುತ್ತದೆ. ಮನೆಮನೆಗಳಲ್ಲಿ, ಗುಡಿಗಳಲ್ಲಿ ಉಳಿದುಬಂದಿರುವ ವೀರಭದ್ರನ ಹಿತ್ತಾಳೆಯ ಫಲಕಗಳು ಇನ್ನೊಂದು ಸಾಕ್ಷ್ಯ. ಅವುಗಳಲ್ಲಿ ದೇವರು ಖಡ್ಗ, ಗುರಾಣಿ ಹಿಡಿದ ನಾಡಿನ ವೀರನಂತೆಯೇ ಇದ್ದಾನೆ. ಎರಕ ಹೊಯ್ದ ಕುಶಲಿಗಳು ತಾವು ಕಂಡ ಯೋಧರನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರು.

ಸ್ತ್ರೀಯರ ಉಡುಗೆಗೆ ಒಂದು ಅಪೂರ್ವ ಚಿತ್ರವಿದೆ. ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರನು 1805ರ ಸುಮಾರಿಗೆ ಮೈಸೂರಿನ ಮೂವರು ಸ್ತ್ರೀಯರನ್ನು ಚಿತ್ರಿಸಿದನು. ಬಹುಕಾಲ ಅವರನ್ನು ನರ್ತಕಿಯರೆಂದೇ ತಿಳಿಯಲಾಗಿತ್ತು. ಅವರು ಮುಮ್ಮಡಿ ಕೃಷ್ಣರಾಜ ಒಡೆಯರ ಅರಮನೆಯವರು, ಬಲಗಡೆಯವರು ಸೆರಗನ್ನು ಸರಿಸಿ ತೋಳನ್ನು ತೋರುತ್ತಿರುವುದು ಆಗ ಹೊಸದಾಗಿ ಬಂದ ಸಿಡುಬಿನ ಲಸಿಕೆಯ ಸೂಚನೆ ಎಂದು ಇತಿಹಾಸಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಅರಮನೆಯ ಸ್ತ್ರೀಯರನ್ನು ಉಡುಗೆ ನೋಡಿ ನರ್ತಕಿಯರೆಂದು ಭ್ರಮಿಸುವಷ್ಟು ನಮ್ಮ ಕಣ್ಣು ಆ ಕಾಲದಿಂದ ದೂರ ಬಂದಿದೆ ಎಂಬುದೂ ಇದರಿಂದ ತಿಳಿಯುತ್ತದೆ.

ಬಟ್ಟೆಯ ವಿಷಯಕ್ಕೆ ಫ್ರಾನ್ಸಿಸ್ ಬುಕಾನನ್ನನ ಪ್ರವಾಸಕಥನ ಉಪಯುಕ್ತವಾದುದು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಆತ ಬೆಂಗಳೂರಿನ ಪೇಟೆಯಲ್ಲಿ ತಂಗಿದ್ದನು. ಇಂದಿನ ಜಯನಗರ, ಬನಶಂಕರಿಗಳ ನೆಲ ಆಗ ಊರ ಹೊರಗಿನ ಹೊಲ, ತೋಪು, ಕೆರೆಗಳ ಬಯಲು. ಪೇಟೆಯೊಳಗೆ ಪಟ್ಟೆಗಾರರು, ಖತ್ರಿಗಳು, ದೇವಾಂಗದವರು, ತೊಗಟರು ಮಗ್ಗ ಹೂಡಿದ್ದರು. ಯಾರು ಯಾವ ಬಟ್ಟೆ ನೇಯುತ್ತಾರೆ, ರೇಷ್ಮೆಗೆ, ನೂಲಿಗೆ ಹೇಗೆ ಬಣ್ಣ ಕಟ್ಟುತ್ತಾರೆ ಎಂಬುದನ್ನು ಆತ ಕುಳಿತು ಬರೆದುಕೊಂಡನು. ಆಗಿನ ಬಣ್ಣಗಳೆಲ್ಲ ಗಿಡ, ಬೇರು, ಅರಗುಗಳಿಂದ ಬಂದವು: ನೀಲಿಗೆ ನೀಲಿಗಿಡ, ಕೆಂಪಿಗೆ ಮದ್ದಿಯ ಬೇರು ಮತ್ತು ಅರಗು. ರಾಸಾಯನಿಕ ಬಣ್ಣ ಲೋಕಕ್ಕೆ ಮೊದಲು ಬಂದದ್ದು 1856ರಲ್ಲಿ. ಅಂದಮೇಲೆ ಹದಿನೆಂಟನೆಯ ಶತಮಾನದ ಕಥೆಯಲ್ಲಿ ಕಣ್ಣು ಕುಕ್ಕುವ ಗುಲಾಬಿ, ನೇರಳೆ, ಗಿಳಿಹಸಿರುಗಳು ಕಂಡರೆ ಅದು ಕಾಲದೋಷ. ಆ ಕಾಲದ ಕೆಂಪು ಆಳವಾದುದು. ಅದರ ನೀಲಿ ಒಗೆದಂತೆ ಮೆತ್ತಗಾಗುವುದು.

ಇನ್ನೂ ಕೆಲವು ದೋಷಗಳನ್ನು ಯಾರು ಬೇಕಾದರೂ ಪತ್ತೆ ಹಚ್ಚಬಹುದು. ಸೆರಗಿಗೆ ಚುಚ್ಚುವ ಪಿನ್ನು 1849ರ ನಿರ್ಮಾಣ. ಹೊಲಿಗೆಯಂತ್ರ ನಮ್ಮ ಊರುಗಳಿಗೆ ಬಂದದ್ದು ಅದಕ್ಕೂ ತಡವಾಗಿ. ಬೆನ್ನಿನ ಮೇಲೆ ಹುಕ್ಕುಗಳಿರುವ ರವಿಕೆ, ಜಾರ್ಜೆಟ್ಟಿನ ಮೇಲುದ, ನೈಲಾನಿನ ಹೊಳಪು ಇವೆಲ್ಲ ಇಪ್ಪತ್ತನೆಯ ಶತಮಾನದವು. ಉತ್ತರ ಕರ್ನಾಟಕದ ಸ್ತ್ರೀ ಮುಂಭಾಗದಲ್ಲಿ ಗಂಟು ಹಾಕುವ ಕುಪ್ಪಸ ತೊಟ್ಟು, ಕಚ್ಚೆ ಹಾಕಿ ಸೀರೆ ಉಡುತ್ತಿದ್ದಳು. ಕಚ್ಚೆ ಹಾಕಿದವಳು ಕುದುರೆ ಏರಬಲ್ಲಳು, ಹೊಲದಲ್ಲಿ ಕಳೆ ಕೀಳಬಲ್ಲಳು. ನಿರಿಗೆಯ ಸೀರೆ ಪಾದದ ಮೇಲೆ ಇಳಿದಿರುವ ರಾಣಿ ಕುದುರೆಯ ಮೇಲೆ ಹೇಗೆ ಕುಳಿತಳೆಂದು ನಿರ್ದೇಶಕರು ಯೋಚಿಸದಿದ್ದರೂ ಹಳ್ಳಿಯ ತಾಯಂದಿರು ಯೋಚಿಸುತ್ತಾರೆ.

ಇನ್ನು ಚಿತ್ರಗಳ ವಿಚಾರಕ್ಕೆ ಬರೋಣ. ನಮ್ಮ ಚಿತ್ರಗಳ ರಾಜವೇಷ ಬಂದದ್ದು ಇತಿಹಾಸದಿಂದಲ್ಲ, ವೃತ್ತಿನಾಟಕ ಕಂಪನಿಗಳಿಂದ. ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಹಿಂದಿನ ಸಾಲಿನವರಿಗೂ ರಾಜನು ರಾಜನೆಂದು ಕಾಣಬೇಕಿತ್ತು. ಮಖಮಲ್ಲು, ಮಿಂಚು, ಗಿಲೀಟಿನ ಕಿರೀಟಗಳು ಅದಕ್ಕಾಗಿ ಹುಟ್ಟಿದವು. ರಾಮನೂ ಹರಿಶ್ಚಂದ್ರನೂ ಟಿಪ್ಪುವೂ ಒಂದೇ ಪೆಟ್ಟಿಗೆಯಿಂದ ಬಟ್ಟೆ ತೆಗೆದುಕೊಂಡರು. ಕನ್ನಡ ಚಿತ್ರಗಳು ಬಹುಕಾಲ ಮದರಾಸಿನ ಸ್ಟುಡಿಯೋಗಳಲ್ಲಿಯೇ ತಯಾರಾದುದರಿಂದ ಅಲ್ಲಿ ತಮಿಳು, ತೆಲುಗು ಪೌರಾಣಿಕ ಚಿತ್ರಗಳಿಗೆ ಬಟ್ಟೆ ಒದಗಿಸಿದ ಕೈಗಳೇ ನಮಗೂ ಒದಗಿಸಿದವು. 1960ರ ‘ರಣಧೀರ ಕಂಠೀರವ’ದಲ್ಲಿ ಹದಿನೇಳನೆಯ ಶತಮಾನದ ಮೈಸೂರಿನ ದೊರೆಯನ್ನು ಕಂಡವರು ಅದೇ ರಾಜನನ್ನೇ ಬೇರೆ ಬೇರೆ ಹೆಸರುಗಳಿಂದ ಮುಂದಿನ ಚಿತ್ರಗಳಲ್ಲಿಯೂ ಕಂಡರು. ಇದರಲ್ಲಿ ಕಲಾವಿದರ ತಪ್ಪಿಲ್ಲ. ಒಂದು ರೂಢಿ ಕಣ್ಣಿಗೆ ಅಭ್ಯಾಸವಾಗಿಬಿಟ್ಟಿತು.

ಬಿ.ಆರ್. ಪಂತುಲು ಅವರು 1959ರಲ್ಲಿ ತಮಿಳಿನಲ್ಲಿ ಪಾಳೆಯಗಾರ ವೀರಪಾಂಡ್ಯ ಕಟ್ಟಬೊಮ್ಮನ ಚಿತ್ರವನ್ನು ವರ್ಣದಲ್ಲಿ ತೆಗೆದರು. 1799ರಲ್ಲಿ ನೇಣಿಗೇರಿದ ಆ ಪಾಳೆಯಗಾರನು ಚಿತ್ರದಲ್ಲಿ ಚಕ್ರವರ್ತಿಯಂತೆ ಕಂಗೊಳಿಸುತ್ತಾನೆ. ಎರಡು ವರ್ಷಗಳ ಬಳಿಕ, 1961ರಲ್ಲಿ, ಅವರೇ ಕನ್ನಡದಲ್ಲಿ ‘ಕಿತ್ತೂರು ಚೆನ್ನಮ್ಮ’ನನ್ನು ಕಪ್ಪುಬಿಳುಪಿನಲ್ಲಿ ತೆರೆಗೆ ತಂದರು. ಬಿ. ಸರೋಜಾದೇವಿಯವರು ಚೆನ್ನಮ್ಮ, ರಾಜಕುಮಾರರು ಮಲ್ಲಸರ್ಜ ದೇಸಾಯಿ. ಈ ಚಿತ್ರದ ಉಪಕಾರವನ್ನು ನಾವು ಮೊದಲು ನೆನೆಯಬೇಕು. ನಾಡು ಒಂದಾಗಿ ಆಗ ಐದೇ ವರ್ಷ. ಹಳೆಯ ಮೈಸೂರಿನ ಊರುಗಳಲ್ಲಿ ಕಿತ್ತೂರು ಎಲ್ಲಿದೆಯೆಂದು ಬಲ್ಲವರು ವಿರಳವಾಗಿದ್ದರು. ಬೆಂಗಳೂರಿನ ನಟಿಯೊಬ್ಬಳು ಬೆಳಗಾವಿ ಸೀಮೆಯ ರಾಣಿಯಾಗಿ ನಿಂತಾಗ ಎರಡು ಕರ್ನಾಟಕಗಳು ಒಂದೇ ಪರದೆಯ ಮೇಲೆ ಕೂಡಿದವು. ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಚೆನ್ನಮ್ಮನ ಹೆಸರಿನ ಮಹತ್ವ ತಿಳಿದದ್ದು ಈ ಚಿತ್ರದಿಂದ.

ಆದರೂ ಚಿತ್ರದ ಉಡುಗೆಯನ್ನು ವಿಮರ್ಶಕನ ಕಣ್ಣಿನಿಂದ ನೋಡಿದರೆ ಕೊರತೆ ಕಾಣುತ್ತದೆ. ಕಪ್ಪುಬಿಳುಪು ಬಣ್ಣದ ಕಾಲದೋಷವನ್ನು ಮರೆಮಾಡುತ್ತದೆ. ಇದು ಆ ಚಿತ್ರಕ್ಕೆ ದೊರೆತ ಒಂದು ಅನುಕೂಲ. ಆದರೆ ಬಣ್ಣವಿಲ್ಲದ ಕಡೆ ಹೊಳಪೇ ಎಲ್ಲವನ್ನೂ ಹೇಳಬೇಕಾಗುತ್ತದೆ. ಆಗ ಒಡವೆ ಮುಂದೆ ಬರುತ್ತದೆ, ಬಟ್ಟೆಯ ನೇಯ್ಗೆ ಹಿಂದೆ ಸರಿಯುತ್ತದೆ. ಕಿತ್ತೂರು ಒಂದು ದೇಸಗತಿ. ಅದರ ವೈಭವ ಮಲಪ್ರಭೆಯ ಸೀಮೆಯ ಹೊಲ, ದನ, ಕೋಟೆ, ನಂಬುಗೆಯ ಬಂಟರಲ್ಲಿತ್ತು. ಅಲ್ಲಿಯ ರಾಣಿಯನ್ನು ಸಾಮ್ರಾಜ್ಞಿಯಂತೆ ಅಲಂಕರಿಸಿದರೆ ಆಕೆಯ ಸಾಹಸ ಹಿರಿದಾಗುವುದಿಲ್ಲ, ಕಿರಿದಾಗುತ್ತದೆ. ಸಣ್ಣ ಸಂಸ್ಥಾನವೊಂದು ದೊಡ್ಡ ಕಂಪನಿಯನ್ನು 1824ರ ಅಕ್ಟೋಬರ್ 23ರಂದು ಸೋಲಿಸಿತೆಂಬುದೇ ಅಲ್ಲಿಯ ಆಶ್ಚರ್ಯ. 2012ರಲ್ಲಿ ಬಂದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರದಲ್ಲಿ ಜಯಪ್ರದಾ ಅವರು ಚೆನ್ನಮ್ಮನಾದರು. ಅಲ್ಲಿ ಹಣವೂ ಬಣ್ಣವೂ ಧಾರಾಳ. ಆದರೆ ಇಂಥ ದೊಡ್ಡ ಚಿತ್ರಗಳಿಗೆಲ್ಲ ಒಂದು ರೋಗವಿದೆ: ಬಟ್ಟೆಗೆ ಬೆವರು ಹತ್ತುವುದಿಲ್ಲ. ರಾಯಣ್ಣ ಸಂಗೊಳ್ಳಿಯ ಕುರುಬರ ಮನೆಯ ಮಗ, ಕಾಡುಮೇಡುಗಳಲ್ಲಿ ತಿಂಗಳುಗಟ್ಟಲೆ ಕಾದಾಡಿ 1831ರಲ್ಲಿ ನಂದಗಡದಲ್ಲಿ ನೇಣಿಗೇರಿದವನು. ಅಂಥವನ ಸಂಗಡಿಗರ ಹೆಗಲ ಮೇಲೆ ಕರಿಯ ಕಂಬಳಿ ಇರಬೇಕು. ಅದು ಮಳೆಗೆ ಛತ್ರಿ, ರಾತ್ರಿಗೆ ಹಾಸಿಗೆ. ಕಂಬಳಿ ಕುರುಬರ ಕೈನೇಯ್ಗೆ, ಅವರ ಕುಲದ ಗೌರವ. ಅದನ್ನು ಬಿಟ್ಟು ಹೊಸ ಬಟ್ಟೆಯ ಮಡಿಕೆಗಳನ್ನು ತೋರಿಸಿದರೆ ವೀರನು ಎತ್ತರಕ್ಕೇರುವುದಿಲ್ಲ, ತನ್ನವರಿಂದ ದೂರವಾಗುತ್ತಾನೆ.

ಈಗ ಚಿತ್ರದುರ್ಗಕ್ಕೆ ಹೋಗೋಣ. ಒಂದೇ ಊರು, ಒಂದೇ ಕಾಲ, ಮೂರು ಚಿತ್ರಗಳು. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇರೆ ಇಲ್ಲ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರದು. ಅದು ಇಪ್ಪತ್ತನೆಯ ಶತಮಾನದ ಕಥೆಯಾದರೂ ನಡುವೆ ಒನಕೆ ಓಬವ್ವನ ಪ್ರಸಂಗ ಬರುತ್ತದೆ. ಜಯಂತಿಯವರು ಓಬವ್ವ. ಆಕೆ ಕಾವಲುಗಾರನ ಹೆಂಡತಿ. ಗಂಡ ಊಟಕ್ಕೆ ಬಂದಾಗ ನೀರಿಗೆಂದು ಹೋದವಳು. ಕೈಯಲ್ಲಿದ್ದುದು ಅಡಿಗೆಮನೆಯ ಒನಕೆ. ಕೆಲವೇ ನಿಮಿಷಗಳ ಈ ದೃಶ್ಯ ಐವತ್ತು ವರ್ಷಗಳ ಬಳಿಕವೂ ಜನಮನದಲ್ಲಿ ಉಳಿದಿರುವುದೇಕೆ? ಅಲ್ಲಿ ಒಡವೆ ಮಾತನಾಡುವುದಿಲ್ಲ, ಕಣ್ಣು ಮಾತನಾಡುತ್ತದೆ. ಬಡ ಮನೆಯ ಹೆಣ್ಣು ಕೆಲಸದ ನಡುವಿನಿಂದ ಎದ್ದುಬಂದಳೆಂಬುದನ್ನು ನಿರ್ದೇಶಕರು ಮರೆಯಲಿಲ್ಲ. ಇಂದು ಶಾಲೆಗಳ ವೇಷಸ್ಪರ್ಧೆಗಳಲ್ಲಿ ಓಬವ್ವನಿಗೆ ಪಟ್ಟೆಸೀರೆ, ಡಾಬು, ವಂಕಿಗಳನ್ನು ತೊಡಿಸುವ ತಾಯಂದಿರು ಆ ದೃಶ್ಯವನ್ನು ಮತ್ತೊಮ್ಮೆ ನೋಡಬೇಕು.

ಮೂರು ವರ್ಷಗಳ ತರುವಾಯ, 1975ರಲ್ಲಿ, ಜಿ.ವಿ. ಅಯ್ಯರ್ ಅವರ ‘ಹಂಸಗೀತೆ’ ಬಂದಿತು. ತ.ರಾ.ಸು. ಅವರ ಕಾದಂಬರಿಯ ನಾಯಕ ಭೈರವಿ ವೆಂಕಟಸುಬ್ಬಯ್ಯ ಹದಿನೆಂಟನೆಯ ಶತಮಾನದ ಉತ್ತರಾರ್ಧದ ಚಿತ್ರದುರ್ಗದ ಗಾಯಕ. ಆ ಪಾತ್ರವನ್ನು ವಹಿಸಿದವರು ಅನಂತನಾಗ್. ಇದೇ ಕಾದಂಬರಿಯನ್ನು 1956ರಲ್ಲಿ ಹಿಂದಿಯವರು ‘ಬಸಂತ್ ಬಹಾರ್’ ಎಂದು ತೆಗೆದಾಗ ಕಥೆಯನ್ನು ದುರ್ಗದಿಂದ ಕಿತ್ತು ಮೊಗಲ್ ಬಾದಷಹನ ದರ್ಬಾರಿಗೆ ಒಯ್ದರು. ಕಥೆಯ ಎಲುಬು ಉಳಿಯಿತು, ಆದರೆ ಊರು ಬದಲಾಯಿತು, ಉಡುಗೆ ಬದಲಾಯಿತು, ಅದರೊಂದಿಗೆ ಅರ್ಥವೂ ಬದಲಾಯಿತು. ಬಂಡೆಗಳ ನಡುವಿನ ಊರಿನ ಹಟಮಾರಿ ಗಾಯಕ ಅರಮನೆಯ ಅಲಂಕಾರಗಳಲ್ಲಿ ಒಬ್ಬನಾಗಿಬಿಟ್ಟನು. ಬಟ್ಟೆ ಬದಲಾದರೆ ಮನುಷ್ಯನೂ ಬದಲಾಗುವನೆಂಬುದಕ್ಕೆ ಈ ಎರಡು ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬಹುದು.

ಅಯ್ಯರ್ ಅವರು ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಮಖಮಲ್ಲಿನ ಪೆಟ್ಟಿಗೆಯನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ‘ಹಂಸಗೀತೆ’ಯಲ್ಲಿ ಅದನ್ನು ಮುಚ್ಚಿಟ್ಟರು. ಪಂಚೆ, ಉತ್ತರೀಯ, ಬರಿಮೈ, ಬಂಡೆ, ಬಿಸಿಲು: ಇಷ್ಟರಲ್ಲಿಯೇ ಕಾಲವನ್ನು ಕಟ್ಟಿದರು. ಬರಿಮೈಯೂ ಒಂದು ಉಡುಗೆಯೆಂಬುದನ್ನು ಈ ಚಿತ್ರ ಬಲ್ಲದು. ನಮ್ಮ ಸೀಮೆಯ ಬಿಸಿಲಿಗೆ ಹದಿನೆಂಟನೆಯ ಶತಮಾನದ ಬಹುಪಾಲು ಗಂಡಸರು ಮೇಲಂಗಿಯಿಲ್ಲದೆಯೇ ಬಾಳಿದರು. ಅಂಗಿ ತೊಡುವುದು ದರ್ಬಾರಿನ ಮಾತು. ನಮ್ಮ ಅಭಿಪ್ರಾಯದಲ್ಲಿ ಕನ್ನಡದ ಐತಿಹಾಸಿಕ ಚಿತ್ರಗಳಲ್ಲಿ ಉಡುಗೆಯ ಸಂಯಮಕ್ಕೆ ‘ಹಂಸಗೀತೆ’ಯೇ ಮೇಲ್ಪಂಕ್ತಿ.

ಮೂರನೆಯದು ಟಿ.ಎಸ್. ನಾಗಾಭರಣ ಅವರ 2006ರ ‘ಕಲ್ಲರಳಿ ಹೂವಾಗಿ’. ಬಿ.ಎಲ್. ವೇಣು ಅವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದಲ್ಲಿ ಅಂಬರೀಷ್ ಅವರು ಮದಕರಿ ನಾಯಕ. ಯುದ್ಧದ ನಡುವೆ ಹಿಂದೂ ಯುವಕ ಮತ್ತು ಮುಸಲ್ಮಾನ ಯುವತಿಯ ಪ್ರೇಮವನ್ನು ಹೇಳುವ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂದದ್ದು ಉಚಿತವೇ ಸರಿ. ಇಂಥ ಕಥೆಗಳಲ್ಲಿ ಉಡುಗೆಯ ಹೊಣೆ ಇನ್ನೂ ಹೆಚ್ಚಿನದು. ಏಕೆಂದರೆ ಇತ್ತೀಚಿನ ಐತಿಹಾಸಿಕ ಚಿತ್ರಗಳಲ್ಲಿ ಒಂದು ಕೆಟ್ಟ ಚಾಳಿ ಬೆಳೆಯುತ್ತಿದೆ: ಒಂದು ಪಡೆಗೆ ಹಸಿರು ಅಥವಾ ಕಪ್ಪು, ಇನ್ನೊಂದಕ್ಕೆ ಕೇಸರಿ. ಪ್ರೇಕ್ಷಕನು ಯೋಚಿಸುವ ಮೊದಲೇ ಬಣ್ಣ ತೀರ್ಪು ಕೊಟ್ಟುಬಿಡುತ್ತದೆ. ಹದಿನೆಂಟನೆಯ ಶತಮಾನದ ದರ್ಬಾರುಗಳಲ್ಲಿ ಜಾಮಾ, ನಡುದಟ್ಟಿ, ಮುಂಡಾಸುಗಳು ಎರಡು ಧರ್ಮದವರಿಗೂ ಸಮಾನವಾಗಿದ್ದವು. ಮೊಗಲರ ಕಾಲದಿಂದ ಬಂದ ರೂಢಿಯಂತೆ ಮುಸಲ್ಮಾನರು ಜಾಮಾದ ಕಸೆಯನ್ನು ಬಲಗಡೆಗೂ ಹಿಂದೂಗಳು ಎಡಗಡೆಗೂ ಕಟ್ಟುತ್ತಿದ್ದರು. ಭೇದವಿದ್ದರೂ ಅದು ಒಂದು ಗಂಟಿನಷ್ಟು. ಆ ಗಂಟನ್ನು ಬಿಚ್ಚಿ ತೋರಿಸಬಲ್ಲ ನಿರ್ದೇಶಕನು ಭಾಷಣವಿಲ್ಲದೆಯೇ ಭಾವೈಕ್ಯವನ್ನು ಬೋಧಿಸುತ್ತಾನೆ. ಬೇಡರೂ ಮುಸಲ್ಮಾನರೂ ಎರಡೂ ಕಡೆಯ ಸೈನ್ಯಗಳಲ್ಲಿ ಇದ್ದರೆಂಬುದನ್ನೂ ನಾವು ಮರೆಯಬಾರದು.

ಚಲನಚಿತ್ರವೇನು ವಸ್ತುಸಂಗ್ರಹಾಲಯವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಸಾಧುವಾದುದು. ಪಾಶ್ಚಾತ್ಯರಲ್ಲಿಯೂ ಇದಕ್ಕೆ ಎರಡು ಉತ್ತರಗಳಿವೆ. ಸ್ಟ್ಯಾನ್ಲಿ ಕುಬ್ರಿಕ್ 1975ರಲ್ಲಿ ‘ಬ್ಯಾರಿ ಲಿಂಡನ್’ ತೆಗೆದಾಗ ಆತನ ವಸ್ತ್ರವಿನ್ಯಾಸಕಿಯರಾದ ಮಿಲೇನಾ ಕನೊನೆರೊ ಮತ್ತು ಉಲ್ಲಾ ಬ್ರಿಟ್ ಸೋಡರ್‌ಲುಂಡ್ ಹದಿನೆಂಟನೆಯ ಶತಮಾನದ ನಿಜವಾದ ಬಟ್ಟೆಗಳನ್ನು ಹುಡುಕಿ ಅಭ್ಯಸಿಸಿ, ಆ ಕಾಲದ ವರ್ಣಚಿತ್ರಗಳನ್ನು ಅನುಸರಿಸಿ ಉಡುಪು ಹೊಲಿಸಿದರು. ಅವರಿಗೆ ಆಸ್ಕರ್ ದೊರೆಯಿತು. ಅದೇ ಕನೊನೆರೊ 2006ರ ‘ಮರೀ ಆಂತ್ವಾನೆತ್’ ಚಿತ್ರದಲ್ಲಿ, ರಾಣಿಯ ಪಾದರಕ್ಷೆಗಳ ನಡುವೆ ಇಂದಿನ ಕ್ಯಾನ್ವಾಸ್ ಬೂಟುಗಳು ಕ್ಷಣಕಾಲ ಕಾಣುವ ಆಟಕ್ಕೂ ಒಪ್ಪಿದರು. ಅದಕ್ಕೂ ಆಸ್ಕರ್ ಬಂದಿತು. ಒಂದರಲ್ಲಿ ನಿಷ್ಠೆ, ಇನ್ನೊಂದರಲ್ಲಿ ಸ್ವಾತಂತ್ರ್ಯ. ಆದರೆ ನಿಯಮವನ್ನು ಬಲ್ಲವಳು ಬೇಕೆಂದು ಮುರಿಯುವುದು ಬೇರೆ, ಅರಿಯದೆ ಮುರಿಯುವುದು ಬೇರೆ. ನಮ್ಮ ಗಡಿಯಾಚೆಯ ಕೊಲ್ಹಾಪುರದಲ್ಲಿ ಹುಟ್ಟಿದ ಭಾನು ಅಥೈಯಾ ಅವರು ‘ಗಾಂಧಿ’ ಚಿತ್ರಕ್ಕಾಗಿ ಭಾರತಕ್ಕೆ ಮೊದಲ ಆಸ್ಕರ್ ತಂದುದು ಪಟ್ಟೆ ಪೀತಾಂಬರಗಳಿಂದಲ್ಲ. ಖಾದಿಯಿಂದ, ಒಗೆದು ಸವೆದ ಪಂಚೆಯಿಂದ.

ಇನ್ನು ಆ ವೃದ್ಧ ತಾಯಿಯ ಪ್ರಶ್ನೆಗೆ ಮರಳೋಣ. ರಾಣಿಯ ಮೈಮೇಲೆ ಲಿಂಗವೆಲ್ಲಿರಬೇಕಿತ್ತು? ಮುಂದಿನ ವರ್ಷ ನಮ್ಮ ಹಳೆಯ ವಿದ್ಯಾರ್ಥಿಗಳು ನಮ್ಮನ್ನು ಮೆಚ್ಚಿಸಲೆಂದು ಬಾಲಿಕೆಯ ಸೀರೆಯ ಮೇಲೆ ಸೊಂಟದವರೆಗೆ ತೂಗಾಡುವ ದೊಡ್ಡ ಬೆಳ್ಳಿಯ ಗುಂಡಗಡಿಗೆಯನ್ನು ಹಾಕಿದರು. ಅದೂ ಸರಿಯಲ್ಲ. ಇಷ್ಟಲಿಂಗವನ್ನು ನಾಭಿಯಿಂದ ಕೆಳಗೆ ಧರಿಸಲಾಗದೆಂಬುದು ನಮ್ಮ ಶಾಸ್ತ್ರ. ಅಲ್ಲದೆ ಅದು ಪದಕವಲ್ಲ, ಪ್ರದರ್ಶನದ ವಸ್ತುವಲ್ಲ. ಸ್ತ್ರೀಯರು ಅದನ್ನು ಸೆರಗಿನ ಮರೆಯಲ್ಲಿ ಎದೆಗೆ ತಗುಲಿ ಧರಿಸುತ್ತಾರೆ. ಸಜ್ಜೆಯಾಗಲಿ ಕರಡಿಗೆಯಾಗಲಿ ಹೊರಗೆ ಕಾಣುವುದು ಕೊರಳ ಬಳಿಯ ಶಿವದಾರದ ಒಂದು ಎಳೆ ಮಾತ್ರ. ಹಾಗಾದರೆ ಕ್ಯಾಮರಾ ಏನನ್ನು ತೋರಿಸಬೇಕು? ಹಣೆಯ ವಿಭೂತಿಯನ್ನು ತೋರಿಸಲಿ. ಅಚ್ಚು ಒತ್ತಿದ ಬಿಳಿಬಣ್ಣವಲ್ಲ, ಮೂರು ಬೆರಳಿನಿಂದ ಹಚ್ಚಿದ, ಮಧ್ಯಾಹ್ನದ ವೇಳೆಗೆ ಬೆವರಿನಲ್ಲಿ ಅರ್ಧ ಅಳಿಸಿಹೋದ ವಿಭೂತಿ. ಬೆಳಗಿನ ಪೂಜೆಯನ್ನು ಒಂದು ಗಳಿಗೆ ತೋರಿಸಲಿ. ಕೆಟ್ಟ ಸುದ್ದಿ ಬಂದಾಗ ಅರಿಯದೆ ಎದೆಯ ಕಡೆಗೆ ಹೋಗುವ ಕೈಯನ್ನು ತೋರಿಸಲಿ. ದತ್ತಕವನ್ನು ಕಂಪನಿಯವರು ಒಪ್ಪದಿದ್ದಾಗ, ಕೋಟೆ ಬಿದ್ದಾಗ, ಬೈಲಹೊಂಗಲದ ಸೆರೆಯಲ್ಲಿ 1829ರವರೆಗೆ ದಿನಗಳನ್ನು ಎಣಿಸುವಾಗ ಒಡವೆಗಳೆಲ್ಲ ಹೋದ ಮೇಲೂ ಆಕೆಯೊಡನೆ ಉಳಿದದ್ದು ಯಾವುದು? ಚಿತ್ರವೊಂದು ಇದನ್ನು ತೋರಿಸಿದರೆ ಆ ತಾಯಿಗೆ ಉತ್ತರ ಸಿಕ್ಕಂತೆ.

ಶರಣರು ಲಾಂಛನಕ್ಕೂ ವೇಷಕ್ಕೂ ಅಂತರ ಮಾಡಿದರು. ಆಚಾರವಿದ್ದಾಗ ಉಡುಗೆ ಲಾಂಛನವಾಗುತ್ತದೆ. ಆಚಾರವಿಲ್ಲದಾಗ ಅದೇ ಉಡುಗೆ ವೇಷವಾಗಿ ಉಳಿಯುತ್ತದೆ. ಈ ಮಾತು ನಟರಿಗೆ ಮಾತ್ರವಲ್ಲ, ಕಾವಿಯುಟ್ಟ ನಮಗೂ ಸಲ್ಲುತ್ತದೆ. ನಟನಿಗಾದರೋ ವೇಷವೇ ಕಾಯಕ. ಆದುದರಿಂದ ಅದನ್ನು ಶ್ರದ್ಧೆಯಿಂದ ಮಾಡಲಿ, ತಿಳಿದು ಮಾಡಲಿ ಎಂಬುದಷ್ಟೇ ನಮ್ಮ ಆಶಯ. ಕಾಯಕದಲ್ಲಿ ಅಳತೆ ತಪ್ಪಿದರೆ ದಾಸಿಮಯ್ಯನವರ ಮಗ್ಗದಲ್ಲಿಯೂ ಬಟ್ಟೆ ಬಟ್ಟೆಯಾಗದು.

ಇದರಲ್ಲಿ ಇನ್ನೊಂದು ಮಾತೂ ಅಡಗಿದೆ. ಬಾಡಿಗೆಯ ಮಿಂಚಿನ ಬಟ್ಟೆಗೆ ಕೊಡುವ ಹಣದಲ್ಲಿ ಒಂದು ಸಾದಾ ಕೈಮಗ್ಗದ ಸೀರೆ, ಒಂದು ಗುಳೇದಗುಡ್ಡದ ಖಣದ ಕುಪ್ಪಸ ಕೊಳ್ಳಬಹುದು. ಗಂಟು ಹಾಕದೆ ಎಳೆ ಎಣಿಸಿ ತೆಗೆಯುವ ಕಸೂತಿಯನ್ನು ನಮ್ಮ ತಾಯಂದಿರು ಇನ್ನೂ ಬಲ್ಲರು. ಇಳಕಲ್ಲಿನ ನೇಕಾರ ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವಂತೆ ಹಳೆಯದನ್ನೂ ಹೊಸದನ್ನೂ ಕೂಡಿಸುವ ವಿದ್ಯೆ ನಮ್ಮ ನಾಡಿನಲ್ಲಿಯೇ ಇದೆ. ಕಿತ್ತೂರಿನ, ದುರ್ಗದ, ಕೆಳದಿಯ ಕಥೆಗಳನ್ನು ತೆರೆಗೆ ತರುವವರು ಮೊದಲು ಈ ಮಗ್ಗಗಳ ಮುಂದೆ ಒಂದು ವಾರ ಕುಳಿತರೆ ಚಿತ್ರಕ್ಕೂ ಒಳಿತು, ಮಗ್ಗಕ್ಕೂ ಒಳಿತು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಚಿತ್ರರಂಗದ ಕೆಲಸದಲ್ಲಿರುವವರೂ ಇದ್ದಾರೆ. ಶಾಲೆ ನಡೆಸುವವರೂ ಇದ್ದಾರೆ. ಅವರಿಗೆ ಈ ಲೇಖನವನ್ನು ವಿಶೇಷವಾಗಿ ಒಪ್ಪಿಸುತ್ತೇವೆ.

ಕಳೆದ ಬಸವ ಜಯಂತಿಯಂದು ರೂಪಕ ಮತ್ತೆ ನಡೆಯಿತು. ಈ ಸಲ ಆ ವೃದ್ಧ ತಾಯಿಯೇ ತಮ್ಮ ಪೆಟ್ಟಿಗೆಯಿಂದ ಹಳೆಯ ಇಳಕಲ್ ಸೀರೆಯೊಂದನ್ನು ತೆಗೆದು, ಬಾಲಿಕೆಗೆ ಕಚ್ಚೆ ಹಾಕಿ ಉಡಿಸಿದರು. ಶಿವದಾರವನ್ನು ಸೆರಗಿನೊಳಕ್ಕೆ ಸರಿಸಿ, ಹಣೆಗೆ ವಿಭೂತಿ ಹಚ್ಚಿ, ಕತ್ತಿಯನ್ನು ಕೈಗೆ ಕೊಟ್ಟರು. ಕಿರೀಟವನ್ನು ಯಾರೂ ಕೇಳಲಿಲ್ಲ. ಕರತಾಡನ ಹಿಂದಿನದಕ್ಕಿಂತ ಕಡಮೆಯಾಗಲಿಲ್ಲ. ತಾಯಿಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾವು, ಕೊಟ್ಟವರು ಅವರು. ಅವರಿಗೆ ನಮ್ಮ ಶರಣು.